ಎಡಬಾಗಿಲ ಸ್ಪೀಕರು

ಅಡರಕಟ್ಟಿಯ ಹುಲಗಪ್ಪನ ಬಾಡಿಗೆ ಕಾರು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಎದುರಿಗೆ ನಿಲ್ಲುತ್ತಿತ್ತು. ಹಳೆಯ ಅಂಬಾಸಿಡರ್. ಮೈಯೆಲ್ಲ ಬಿಳಿ, ಹಿಂದಿನ ಒಂದು ಬಾಗಿಲು ಮಾತ್ರ ಬೇರೆ ಯಾವುದೋ ಗಾಡಿಯದು ತಂದು ಕೂಡಿಸಿದ್ದರಿಂದ ಕೆನೆ ಬಣ್ಣ. ಆ ಕಾಲಕ್ಕೆ ಲಗ್ನಕ್ಕೆ ಕಾರು ಗೊತ್ತು ಮಾಡಲು ಬಂದವರು ಮೊದಲು ಕೇಳುತ್ತಿದ್ದ ಮಾತು, "ಟೇಪ್ ಐತೇನು?" ಬ್ರೇಕು ಇದೆಯೇ ಎಂದು ಕೇಳಿದವರನ್ನು ಯಾರೂ ಕಂಡಿಲ್ಲ. ಹುಲಗಪ್ಪನ ಗಾಡಿಯಲ್ಲಿ ಟೇಪ್ ಇತ್ತು. ಆ ಹೆಸರಿನ ಮೇಲೆಯೇ ಶಿರಹಟ್ಟಿ, ಮುಂಡರಗಿ, ಡಂಬಳದ ತನಕ ಅವನಿಗೆ ಕರೆ ಬರುತ್ತಿತ್ತು.

ಶಿರಹಟ್ಟಿಯ ಒಂದು ಲಗ್ನದಲ್ಲಿ ಮದುಮಗನ ಗೆಳೆಯರು ಟೇಪಿನ ಕಿವಿಯನ್ನು ಕಡೆಯವರೆಗೂ ಹಿಂಡಿದರು. ಊರ ಬಾಗಿಲು ದಾಟುವುದರೊಳಗೆ ಎರಡೂ ಸ್ಪೀಕರಿನೊಳಗಿನ ಕಪ್ಪು ಕಾಗದ ಹರಿದು, ಹಾಡು ಹೋಗಿ ಬರೀ ಗರಗರ ಉಳಿಯಿತು.

"ಡ್ರೈವರಾ, ನಿನ್ನ ಟೇಪಿಗೆ ನೆಗಡಿ ಬಂದೈತಿ. ಒಂದೀಟು ಕಷಾಯ ಕುಡಸು," ಎಂದ ಒಬ್ಬ.

ತವರು ಬಿಟ್ಟು ಬರುತ್ತ ಅಳುತ್ತಿದ್ದ ಮದುಮಗಳು ಸೆರಗಿನೊಳಗೆ ಕಿಸಕ್ಕನೆ ನಕ್ಕಳು. ಹುಲಗಪ್ಪ ಕನ್ನಡಿಯಲ್ಲಿ ನೋಡಿದ. ಸಿಟ್ಟು ಬರಲಿಲ್ಲ. ಆಕೆ ನಕ್ಕಳಲ್ಲ, ಅಷ್ಟೇ ಪುಣ್ಯ ಅಂದುಕೊಂಡ.

ಮುಂದಿನ ವಾರ ಮುಂಡರಗಿಯ ಲಗ್ನವಿತ್ತು. ಅಷ್ಟರೊಳಗೆ ಗದಗಿಗೆ ಹೋಗಿ ಹೊಸ ಸ್ಪೀಕರು ಹಾಕಿಸಿಕೊಂಡು ಬರಬೇಕು. ಅದೇನು ದೊಡ್ಡ ಮಾತಲ್ಲ. ಅವನ ಎದೆಯೊಳಗೆ ಕೂತಿದ್ದ ಮಾತು ಬೇರೆ. ಅವನ ಅಪ್ಪ ಮೈಲಾರಲಿಂಗಪ್ಪ ಮಗನ ಸಂಗಡ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಬಿಟ್ಟಿದ್ದ ಅಂದರೆ ಪೂರ್ತಾ ಬಾಯಿ ಹೊಲಿದುಕೊಂಡು ಕೂತಿರಲಿಲ್ಲ. "ನೀರು ಕೊಡು" ಅನ್ನುವನು, "ಮಳಿ ಬರೂವಂಗೈತಿ" ಅನ್ನುವನು. ಆದರೆ ಮಗ ಕೇಳಿದ ಮಾತಿಗೆ ಉತ್ತರವಿಲ್ಲ. "ಅಪ್ಪಾ, ಉಂಡೇನು?" ಅಂದರೆ ಹೊಲದ ಕಡೆಗೆ ಮುಖ. "ಅಪ್ಪಾ, ಲಕ್ಕುಂಡಿಂದ ಅತ್ತಿ ಬಂದಾಳ" ಅಂದರೆ ಬೀಡಿ ಹಚ್ಚುವುದು. ಕಾರಣವನ್ನು ಯಾರೂ ಹೇಳಬೇಕಾಗಿರಲಿಲ್ಲ, ಹುಲಗಪ್ಪನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅಪ್ಪ ತನ್ನ ತಂಗಿಯ ಮನೆಗೆಂದು ಲಕ್ಕುಂಡಿಗೆ ಹೋದಾಗ, ಒಂದು ಮಾತು ಕೇಳದೆ, ಅವನು ಮನೆಯ ಎತ್ತಿನ ಜೋಡಿಯನ್ನು ಮಾರಿ ಈ ಕಾರಿಗೆ ಮುಂಗಡ ಕೊಟ್ಟಿದ್ದ. ಮುದುಕ ತಿರುಗಿ ಬಂದವನು ಎತ್ತುಗಳಿಲ್ಲದೆ ಬರಿದಾದ ಮೇವಿನ ಗ್ವಾದಲಿಯ ಮುಂದೆ ತುಸು ಹೊತ್ತು ನಿಂತ, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೈಯಲಿಲ್ಲ. ಬೈದಿದ್ದರೆ ಹುಲಗಪ್ಪ ಕಾಲು ಹಿಡಿದು ಮುಗಿಸುತ್ತಿದ್ದ. ಬೈಯದ ಅಪ್ಪನ ಮುಂದೆ ಏನೆಂದು ಬಾಯಿ ತೆರೆಯುವುದು?

ಅವ್ವ ದೇವವ್ವ ಇದ್ದಿದ್ದರೆ ನಡುವೆ ನಿಂತು ಏನಾದರೂ ಮಾಡುತ್ತಿದ್ದಳು. ಆಕೆ ಎತ್ತು ಮಾರುವ ಮೊದಲೇ ತೀರಿಹೋಗಿದ್ದಳು. ಇನ್ನು ಹೆಂಡತಿ ಸಾವಕ್ಕ. ಅವಳು ಒಳ್ಳೆಯ ಮನೆಯ ಮಗಳು, ಮಾವನ ಎದುರಿಗೆ ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ, ದನಿ ಎತ್ತಿದವಳಲ್ಲ. ಬಾಗಿಲ ಮರೆಯಲ್ಲಿ ನಿಂತು, ಬಳೆ ಸಪ್ಪಳ ಮಾಡಿ, "ರೊಟ್ಟಿ ಹಚ್ಚೇನ್ರಿ" ಎಂದು ಗಾಳಿಗೂ ಕೇಳದಷ್ಟು ಮೆಲ್ಲಗೆ ಹೇಳುವಳು. ಮಾವ ಬಂದರೆ ಬಂದ, ಇಲ್ಲದಿದ್ದರೆ ತಾಟನ್ನು ಅವನು ಕೂತಲ್ಲಿಗೆ ಒಯ್ದಿಟ್ಟು ಬರುವಳು. ಮುದುಕನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಇಬ್ಬರೂ ತಿಳಿದುಕೊಂಡಿದ್ದರು.

ಗದಗಿಗೆ ಹೋಗುವ ಮಾತು ಬಂದಾಗ ಸಾವಕ್ಕನೇ ಅಂದಳು, "ಮಾವಾರ್ನ ಕರಕೊಂಡು ಹೋಗ್ರಿ."

"ಯಾಕ? ದಾರಿತುಂಬ ನನ್ನ ಮಾರಿ ನೋಡದಂಗ ಕುಂಡ್ರಾಕೇನು?"

"ಗಂಟಿ ಆರಿಸಾಕ ಊರೂರಿಂದ ಕರಿಯಾಕ ಬರ್ತಿದ್ರಂತಲ್ಲ. ಈಗ ಯಾರು ಕರೀತಾರ? ನೀವರ ಕರೀರಿ."

ಅದು ಸುಳ್ಳಲ್ಲ. ಮೈಲಾರಲಿಂಗಪ್ಪ ತನ್ನ ಪ್ರಾಯದಲ್ಲಿ ಸವಾರಿ ಬಂಡಿ ಹೊಡೆಯುತ್ತಿದ್ದ. ಬಿದಿರ ಕಮಾನಿಗೆ ಕಂಬಳಿ ಹೊದಿಸಿ, ಒಳಗೆ ಹುಲ್ಲು ಹಾಸಿ, ಮದುಮಕ್ಕಳನ್ನು ಕೂರಿಸಿಕೊಂಡು ಹೊರಟರೆ ಹಾದಿಯ ಊರುಗಳವರು ಗಂಟೆಯ ದನಿ ಕೇಳಿಯೇ "ಅಡರಕಟ್ಟಿ ಬಂಡಿ ಬಂತು" ಅನ್ನುತ್ತಿದ್ದರು. ಎತ್ತಿನ ಕೊರಳಿಗೆ ಗಂಟೆ ಕೊಳ್ಳುವವರು ಲಕ್ಷ್ಮೇಶ್ವರದ ಸಂತೆಗೆ ಅವನನ್ನು ಜೊತೆಗೆ ಕರೆದುಕೊಂಡೇ ಹೋಗುವರು. ಅವನು ಗಂಟೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿರಲಿಲ್ಲ. ಕಂಚುಗಾರನಿಗೆ ಬಾರಿಸಲು ಹೇಳಿ, ತಾನು ದೂರ ಹೋಗಿ, ಬೆನ್ನು ತಿರುಗಿಸಿ ನಿಂತು ಕೇಳುವನು. ಯಾಕೆ ಅಂದರೆ, "ಕಣ್ಣು ಕಂಡದ್ದನ್ನ ಕಿವಿ ನಾನೂ ಕೇಳೇನಿ ಅಂತೈತಿ. ಅದನ್ನ ನಂಬಬಾರದು" ಅನ್ನುವನು. ಇನ್ನೊಂದು ಅವನ ಕಟ್ಟುನಿಟ್ಟು: ಜೋಡಿಗೆ ಒಂದೇ ದನಿಯ ಗಂಟೆ ಕೂಡದು. ಬಲಗೋಲಿನ ಎತ್ತಿಗೆ ದಪ್ಪ ದನಿ, ಎಡಗೋಲಿನದಕ್ಕೆ ಸಣ್ಣ ದನಿ. ಕತ್ತಲಲ್ಲಿ ಯಾವ ಎತ್ತು ಹಿಂದೆ ಬಿದ್ದಿತು ಅನ್ನುವುದು ಕೂತವನಿಗೆ ತಿಳಿಯಬೇಡವೇ?

ಹುಲಗಪ್ಪ ಹರಿದ ಸ್ಪೀಕರನ್ನು ಬಿಚ್ಚಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಮುಂದೆ ಹಿಡಿದ. "ಇದು ಹೋತಪಾ. ಗದಗಿನ್ಯಾಗ ಹೊಸಾವು ಆರಿಸಬೇಕು. ನೀ ಬರ್ತಿ?"

ಮುದುಕ ಮಗನ ಮುಖ ನೋಡಿದ, ಸ್ಪೀಕರನ್ನು ಕೈಗೆ ತೆಗೆದುಕೊಂಡ. ಹರಿದ ಕಾಗದವನ್ನು ಸವರಿದ, ಹಿಂದಿನ ಕಬ್ಬಿಣವನ್ನು ಬೆರಳಿನಿಂದ ಕುಟ್ಟಿದ. ಏನೂ ಅನ್ನದೆ ತಿರುಗಿ ಕೊಟ್ಟ. ಆದರೆ ಮರುದಿನ ಮುಂಜಾನೆ ಹುಲಗಪ್ಪ ಕಾರು ಒರೆಸಲು ಹೊರಗೆ ಬಂದಾಗ, ಅಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದ. ಸಾವಕ್ಕ ಬಾಗಿಲ ಮರೆಯಿಂದ ಗಂಡನಿಗೆ ಕಣ್ಣಿನಲ್ಲೇ "ನೋಡಿದಿರಾ?" ಅಂದಳು.

ಕಾರು ಗದಗಿನ ದಾರಿ ಹಿಡಿಯಿತು. ಎರಡೂ ಕಡೆ ಕಪ್ಪು ಹೊಲ, ಅಲ್ಲಲ್ಲಿ ಕುಸುಬಿ, ಕಡಲೆ. ಟೇಪಿಲ್ಲದ ಕಾರಿನಲ್ಲಿ ಎಂಜಿನ್ನಿನದೇ ಗದ್ದಲ. ಹುಲಗಪ್ಪ ಮನಸ್ಸಿನೊಳಗೆ ಮಾತು ಕಟ್ಟುತ್ತಲೇ ಬಂದ. ಹತ್ತಿ ಕೂತಿದ್ದಾನೆ ಅಂದರೆ ಅರ್ಧ ಸಿಟ್ಟು ಇಳಿದಂತೆ. ಈಗ ಹೇಳದಿದ್ದರೆ ಇನ್ನೆಂದು? ದಾರಿಯ ಮೇಲೆ ಕಣ್ಣಿಟ್ಟೇ ಹೇಳಿಯೇಬಿಟ್ಟ.

"ಅಪ್ಪಾ, ಎತ್ತು ಮಾರಿದ್ದು ನನ್ನ ತಪ್ಪು. ನಿನ್ನ ಕೇಳಬೇಕಿತ್ತು. ನೀ ಒಲ್ಲೆ ಅಂದೀ ಅಂತ ಅಂಜಿದೆ. ಹೊಟ್ಟ್ಯಾಗ ಹಾಕ್ಕೋ."

ಮೈಲಾರಲಿಂಗಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಒಂದು ಹೊಲ ಹೋಯಿತು, ಒಂದು ಹಳ್ಳದ ಸೇತುವೆ ಹೋಯಿತು. ಆಮೇಲೆ ಅಂದ,

"ಮುಳಗುಂದದಾಗ ಒಂದೀಟು ಚಾ ಕುಡಿಯೂಣು."

ಹುಲಗಪ್ಪನ ಕಣ್ಣಿಗೆ ದಾರಿ ಮಂಜಾಯಿತು. ಎರಡು ವರ್ಷ ನುಂಗಿ ಇಟ್ಟುಕೊಂಡ ಮಾತಿಗೆ ಚಹಾದ ಉತ್ತರ. ಮುಳಗುಂದದಲ್ಲಿ ಅಪ್ಪ ಬಸಿಯಲ್ಲಿ ಸುರಿದುಕೊಂಡು ಕುಡಿದ, ಮಗ ಕಪ್ಪನ್ನು ಹಾಗೇ ಇಟ್ಟು ಎದ್ದ.

ಗದಗಿನ ಸ್ಟೇಷನ್ ರೋಡಿನ ಅಂಗಡಿ ಗುರುರಾಜನದು. ರೇಡಿಯೊ ರಿಪೇರಿ ಮಾಡುತ್ತ ಮಾಡುತ್ತ ಟೇಪಿಗೆ ಬಂದವನು, ಹಣೆಯ ಮೇಲೆ ಅಂಗಾರ ಅಕ್ಷತೆ, ಕಿವಿಯ ಸಂದಿಯಲ್ಲಿ ಸ್ಕ್ರೂ ಡ್ರೈವರು. ಕಾರು ನಿಂತ ಕೂಡಲೇ ಹೊರಗೆ ಬಂದ.

"ಬರ್ರಿ ಹುಲಗಪ್ಪ. ಏನ್ರಿ, ಯಜಮಾನ್ರನ್ನೂ ಕರಕೊಂಡು ಬಂದೀರಿ!"

"ನಮ್ಮಪ್ಪ ಆರಸ್ತಾನ್ರಿ ರಾಯರ. ಅಂವಾ ಹೂಂ ಅಂದದ್ದು ಹಾಕಿಬಿಡ್ರಿ."

ಗುರುರಾಜ ಒಂದು ಹಲಗೆಯ ಮೇಲೆ ಮೂರು ನಮೂನೆಯ ಸ್ಪೀಕರು ಇಟ್ಟ. ತತ್ತಿಯಂತೆ ಉದ್ದಗಿನದು ಒಂದು, ತಾಟಿನಂತೆ ದುಂಡಗಿನದು ಒಂದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಸಣ್ಣದು. ಬ್ಯಾಟರಿಗೆ ಟೇಪು ಕೂಡಿಸಿ, ತಂತಿಯನ್ನು ಬೇಕಾದದ್ದಕ್ಕೆ ಮುಟ್ಟಿಸುವ ಏರ್ಪಾಡು ಮಾಡಿಕೊಂಡ. ಕ್ಯಾಸೆಟ್ಟು ತತ್ವಪದದ್ದು, ಏಕತಾರಿ, ದಮ್ಮಡಿ.

"ಕುಂಡ್ರಿ ಯಜಮಾನ್ರ," ಎಂದು ಸ್ಟೂಲು ಸರಿಸಿದ.

ಮೈಲಾರಲಿಂಗಪ್ಪ ಕೂರಲಿಲ್ಲ. "ಇಲ್ಲಿ ಕುಂತು ಏನು ತಿಳೀತೈತಿ? ನಾ ಆ ಕಡಿ ನಿಂದರ್ತೇನಿ. ಒಂದೊಂದ ಹಚ್ಚಾಕ ಹೇಳು," ಎಂದು ಮಗನಿಗೆ ಹೇಳಿ, ಧೋತರದ ಚುಂಗು ಎತ್ತಿಕೊಂಡು, ಟಾಂಗಾ ಸೈಕಲ್ಲುಗಳ ನಡುವೆ ರಸ್ತೆ ದಾಟಿದ. ಎದುರಿನ ಬೇವಿನ ಗಿಡದ ಕೆಳಗೆ, ಅಂಗಡಿಗೆ ಬೆನ್ನು ಮಾಡಿ, ಕೈ ಹಿಂದೆ ಕಟ್ಟಿ ನಿಂತ. ಸಂತೆಯಲ್ಲಿ ಗಂಟೆ ಕೇಳಲು ನಿಂತಿರುತ್ತಿದ್ದನಲ್ಲ, ಅದೇ ನಿಲುವು. ಹುಲಗಪ್ಪನಿಗೆ ಅಪ್ಪನ ಬೆನ್ನು ನೋಡಿ ಹೆಮ್ಮೆ ಎನಿಸಿತು. ಅಂಗಡಿಯ ಮುಂದೆ ಹೋಗುತ್ತಿದ್ದ ಇಬ್ಬರು ಮೂವರು ಏನಾಟ ಎಂದು ನಿಂತರು.

ಗುರುರಾಜ ಮೊದಲು ದುಂಡಗಿನದಕ್ಕೆ ತಂತಿ ಹಚ್ಚಿದ. ಏಕತಾರಿಯ ನಾದ ಎದ್ದಿತು. ಹಾಡುವವನ ದನಿ ಹಾಲಿನೊಳಗೆ ಬೆಲ್ಲ ಕರಗಿದಂತೆ ಬಂತು. ನಿಂತವರಲ್ಲಿ ಒಬ್ಬ "ಆಹಾ" ಅಂದ. ಹುಲಗಪ್ಪ ಅಪ್ಪನ ಕಡೆ ನೋಡಿದ. ಒಂದು ನುಡಿ ಮುಗಿಯಿತು, ಪಲ್ಲವಿ ತಿರುಗಿ ಬಂತು. ಮುದುಕ ಅಲುಗಲಿಲ್ಲ. ಗುರುರಾಜ ದನಿ ಏರಿಸಿದ. ಇನ್ನೊಂದು ನುಡಿ ಮುಗಿಯಿತು.

ಆಗ ಮೈಲಾರಲಿಂಗಪ್ಪ ಬೆನ್ನು ತಿರುಗಿಸದೆಯೇ ದೊಡ್ಡದಾಗಿ ಕೂಗಿದ:

"ಏ ಹುಲಗಪ್ಪಾ! ಹಚ್ಚಂತ ಹೇಳೋ ಅವರಿಗೆ. ಎಷ್ಟೊತ್ತು ನಿಂದ್ರಲಿ ನಾನು?"

ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ನಗು ತಡೆಯದಾಯಿತು. "ಯಜಮಾನ್ರಿಗೆ ಕಿವಿ..." ಎಂದು ಗುರುರಾಜ ಬಾಯಿ ತೆರೆಯುವಷ್ಟರಲ್ಲಿ ಹುಲಗಪ್ಪ ಅವನ ಮುಂಗೈ ಹಿಡಿದ. ಹಾಡು ಹಾಡುತ್ತಲೇ ಇತ್ತು.

ಎರಡು ವರ್ಷ ಒಂದೊಂದಾಗಿ ಅವನ ಕಣ್ಣ ಮುಂದೆ ಬಂತು. ಹಿಂದಿನಿಂದ ಕರೆದಾಗ ತಿರುಗದಿದ್ದದ್ದು. ಎದುರಿಗೆ ನಿಂತು ಕೇಳಿದಾಗ ಮಾತ್ರ ಮುಖ ನೋಡಿದ್ದು. ಬಾಗಿಲ ಮರೆಯ ಸಾವಕ್ಕ, ಅವಳ ಆ ಮೆಲುದನಿ. ಸಿಟ್ಟಲ್ಲ. ಇದ್ದದ್ದು ಸಿಟ್ಟಲ್ಲವೇ ಅಲ್ಲ. ಮತ್ತೆ ಮುಂಜಾನೆ, ಎಂಜಿನ್ನಿನ ಗದ್ದಲದಲ್ಲಿ, ದಾರಿಯ ಮೇಲೆ ಕಣ್ಣಿಟ್ಟು ತಾನು ಆಡಿದ ಮಾತು... ಅಪ್ಪನಿಗೆ ಅದು ಮುಟ್ಟೇ ಇರಲಿಲ್ಲ.

"ಬದಲಿ ಮಾಡ್ರಿ ರಾಯರ," ಎಂದ, ದನಿ ಒಡೆದು.

ಉದ್ದಗಿನದಕ್ಕೆ ಹಚ್ಚಿದರು. ಮುದುಕ ಅಲುಗಲಿಲ್ಲ. ಕಡೆಗೆ ಗುರುರಾಜ ಸಣ್ಣದರ ಧೂಳು ಊದಿ ತಂತಿ ಮುಟ್ಟಿಸಿದ. ತಗಡಿನ ಮೇಲೆ ಮೊಳೆ ಎಳೆದಂತೆ ಚೀರಿತು ಅದು. ನಿಂತವರು ಕಿವಿಗೆ ಕೈ ಹಚ್ಚಿಕೊಂಡು ಸರಿದರು. ಬೇವಿನ ಗಿಡದ ಕೆಳಗೆ ಮೈಲಾರಲಿಂಗಪ್ಪನ ಕುತ್ತಿಗೆ ನೆಟ್ಟಗಾಯಿತು. ಹಿಂದೆ ಕಟ್ಟಿದ ಕೈ ಬಿಚ್ಚಿತು. ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಿಡಿಯಿತು. ತಿರುಗಿದಾಗ ಮುಖ ತುಂಬ ಅರಳಿತ್ತು.

"ಇದಾ!" ಎಂದು ಬೊಟ್ಟು ಮಾಡುತ್ತ ರಸ್ತೆ ದಾಟಿ ಬಂದ. "ಇದಾ ಖರೆ ದನಿ. ಏಕತಾರಿ ತಂತಿ ಎದಿಗೆ ಬಡೀತೈತಿ ನೋಡು. ಎಷ್ಟು ದಿನಾ ಆಗಿತ್ತಲೇ ಇದನ್ನ ಕೇಳಿ!"

ಗುರುರಾಜ ಹುಲಗಪ್ಪನ ಕಿವಿಯಲ್ಲಿ ಅಂದ, "ಅದು ಮಾರಾಟ ಆಗಲಾರದ ಉಳದದ್ದು ಅದರಿ. ಲಗ್ನದವರು ನಿಮ್ಮನ್ನ ಕಾರಿನಿಂದ ಇಳಿಸಿ ಹೊಡೀತಾರ."

"ಒಂದು ಅದು ಕೊಡ್ರಿ. ಇನ್ನೊಂದು ಆ ದುಂಡಂದು ಕೊಡ್ರಿ."

"ಜೋಡಿ ಅಂದಮ್ಯಾಲೆ ಎರಡೂ ಒಂದ ನಮೂನಿ ಇರಬೇಕಲ್ಲರಿ?"

"ಯಾರು ಹೇಳ್ಯಾರ್ರಿ ನಿಮಗ?" ಹುಲಗಪ್ಪ ಈಗ ಅಪ್ಪನ ಎದುರಿಗೆ ನಿಂತು, ತುಟಿ ಕಾಣುವಂತೆ, ಅಂಗಡಿ ಅದುರುವಂತೆ ಹೇಳಿದ. "ನಮ್ಮಪ್ಪ ಜೋಡಿಗೆ ಎಂದೂ ಒಂದ ದನಿ ಗಂಟಿ ಕಟ್ಟಿಲ್ಲ. ಬಲಕ್ಕ ದಪ್ಪಂದು, ಎಡಕ್ಕ ಸಣ್ಣಂದು!"

ಮೈಲಾರಲಿಂಗಪ್ಪ ಮಗನನ್ನೇ ನೋಡುತ್ತ ನಿಂತ. ಆಮೇಲೆ ಗುರುರಾಜನ ಕಡೆ ತಿರುಗಿ, "ನೋಡ್ರಿ ರಾಯರ, ನನ್ನ ಮಗಾ ಮರತಿಲ್ಲ," ಎಂದ.

ಗುರುರಾಜ ಇಬ್ಬರನ್ನೂ ನೋಡಿದ. ತಿಳಿದವನು. ನಗದೆ, ಚೀರುವುದನ್ನು ಎಡಬಾಗಿಲಿಗೆ, ಮುದುಕನ ಮೊಣಕಾಲಿನ ಹತ್ತಿರವೇ, ನಾಲ್ಕೂ ಸ್ಕ್ರೂ ಬಿಗಿಮಾಡಿ ಕೂಡಿಸಿದ. ಟೇಪಿನ ಒಂದು ಗುಂಡಿ ತೋರಿಸಿ, "ಇದನ್ನ ಬಲಕ್ಕ ತಿರುವಿದ್ರ ದುಂಡಂದು ಒಂದ ಹಾಡತದ. ಲಗ್ನದ ದಿವಸ ಹಂಗ ಮಾಡ್ರಿ" ಎಂದು ಮೆಲ್ಲಗೆ ಹೇಳಿಕೊಟ್ಟ.

ಬರುವ ದಾರಿಯಲ್ಲಿ ಹುಲಗಪ್ಪ ಗುಂಡಿಯನ್ನು ಎಡಕ್ಕೇ ಇಟ್ಟಿದ್ದ. ಮುದುಕ ಬಾಗಿಲಿಗೆ ಮೊಣಕೈ ಊರಿ, ಹಾಡಿನ ಸಂಗಡ ತಾನೂ ಗುನುಗುತ್ತ ಬಂದ. ಮುಳಗುಂದ ದಾಟಿ ಸ್ವಲ್ಪ ದೂರದಲ್ಲಿ ದಾರಿಯ ಪಕ್ಕ ಒಂದು ದೊಡ್ಡ ಹುಣಸೆ ಮರವಿದೆ. ಹುಲಗಪ್ಪ ಅಲ್ಲಿ ಕಾರು ನಿಲ್ಲಿಸಿದ. ಟೇಪು ಆರಿಸಿದ, ಎಂಜಿನ್ ಆರಿಸಿದ. ಇಳಿದು, ಸುತ್ತಿ ಬಂದು, ಅಪ್ಪನ ಕಡೆಯ ಬಾಗಿಲು ತೆಗೆದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏನಾತು? ಗಾಲಿ ಹೋತೇನು?" ಎಂದ ಅಪ್ಪ.

"ಗಾಲಿ ಅಲ್ಲಪಾ!" ಹುಲಗಪ್ಪ ಕೂಗಿದ. ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ಕುರುಬ ತಲೆ ಎತ್ತಿ ನೋಡಿದ. ನೋಡಲಿ. "ಎತ್ತು! ಎತ್ತು ಮಾರಿದ್ದು ನನ್ನ ತಪ್ಪು! ನಿನ್ನ ಕೇಳಲಿಲ್ಲ! ಹೊಟ್ಟ್ಯಾಗ ಹಾಕ್ಕೋ!"

ಮುದುಕ ಮಗನ ತುಟಿಯನ್ನೇ ನೋಡುತ್ತಿದ್ದ. ಮಾತು ಮುಟ್ಟಿದ್ದು ಅವನ ಮುಖದಲ್ಲಿ ಕಾಣಿಸಿತು. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ನೀ ಮಾರೂಕಿಂತ ಮೊದಲಿನ ಮಾತು," ಎಂದ ನಿಧಾನವಾಗಿ. "ಶಿರಹಟ್ಟಿಂದ ಬಂಡಿ ಹೊಡಕೊಂಡು ಬರತಿದ್ದೆ. ಬಲಗೋಲಿನ ಎತ್ತಿನ ಗಂಟಿ ಕೇಳವಲ್ದು. ಗಂಟಿ ಒಳಗಿನ ನಾಲಗಿ ಉದರೇತಿ ಅಂತ ಇಳದು ಮುಟ್ಟಿ ನೋಡಿದೆ. ನಾಲಗಿ ಇತ್ತು."

ಹುಲಗಪ್ಪ ಇನ್ನಷ್ಟು ಹತ್ತಿರ ಸರಿದ.

"ಯಾರಿಗೆ ಹೇಳಲಿ? ಗಂಟಿ ಮೈಲಾರಲಿಂಗಪ್ಪನ ಕಿವಿ ಹೋದುವು ಅಂತ ಊರು ನಗತಿತ್ತು. ನಾ ಲಕ್ಕುಂಡಿಂದ ಬಂದಾಗ ಗ್ವಾದಲಿ ಖಾಲಿ. ನಾ ತಿಳಕೊಂಡೆ, ಮಗಗ ಗೊತ್ತಾಗೇತಿ, ಮುದುಕ ಬಂಡಿ ಹೊಡಕೊಂಡು ಯಾರ ಮ್ಯಾಲರ ಹಾಯಿಸ್ಯಾನು ಅಂತ ಮಾರ್ಯಾನ. ನನ್ನ ಮರ್ಯಾದಿ ಉಳಿಸಾಕ ಬಾಯಿಬಿಟ್ಟು ಒಂದ ಮಾತು ಆಡವಲ್ಲ. ಅಂಥಾ ಮಗನ ಮುಂದ ಯಾವ ಮಾರಿ ಇಟಗೊಂಡು ಮಾತಾಡಲಿ? ಅದಕ್ಕ ನಾನೂ ಸುಮ್ಮನಿದ್ದೆ."

ಹುಲಗಪ್ಪನಿಗೆ ಆ ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅಪ್ಪನ ಮನಸ್ಸಿನೊಳಗೆ ಅವನೊಬ್ಬ ದೊಡ್ಡ ಮಗನಾಗಿ ಎರಡು ವರ್ಷ ಬಾಳಿದ್ದ. ಹಾಗೇ ಬಾಳಬಹುದಿತ್ತು. ಆದರೆ ಮತ್ತೊಂದು ಸುಳ್ಳಿನ ಮೌನ ಅವನಿಗೆ ಬೇಡವಾಗಿತ್ತು.

"ನನಗ ಗೊತ್ತಿರಲಿಲ್ಲಪಾ!" ಎಂದು ಮತ್ತೆ ಕೂಗಿದ. ಕಣ್ಣೀರು ಗದ್ದಕ್ಕೆ ಇಳಿದಿತ್ತು. "ಕಾರಿನ ಆಶಾಕ ಮಾರಿದೆ! ಬರೇ ಆಶಾಕ!"

ಮೈಲಾರಲಿಂಗಪ್ಪ ಮಗನನ್ನು ನೋಡಿದ. ಆಮೇಲೆ ಅವನ ಹೊಟ್ಟೆ ಅಲುಗತೊಡಗಿತು. ನಗುತ್ತಿದ್ದ. ಹಲ್ಲಿಲ್ಲದ ಬಾಯಿ ತೆರೆದು, ಮಗನ ಹೆಗಲು ಹಿಡಿದುಕೊಂಡು ನಕ್ಕ.

"ಎಂಥಾ ಹುಚ್ಚಪ್ಪಗೋಳಲೇ ನಾವಿಬ್ಬರೂ! ಆಶಾ ಇರಲಿ ಬಿಡು. ಆಶಾ ಇಲ್ಲದಾಂವ ಗಾಡಿ ಹೆಂಗ ಹೊಡದಾನು? ನಿನ್ನ ವಯಸ್ಸಿನ್ಯಾಗ ನಾನೂ ನಮ್ಮಪ್ಪನ ಹೋರಿ ಮಾರಿ ಬಂಡಿ ತಂದಾಂವ." ಧೋತರದ ಚುಂಗಿನಿಂದ ಮಗನ ಮುಖ ಒರೆಸಿದ, ಐದು ವರ್ಷದ ಕೂಸಿಗೆ ಒರೆಸಿದಂತೆ, ಒರಟಾಗಿ. "ಏಳು. ಹೊತ್ತು ಮುಳುಗತೈತಿ. ಆ ಕುರುಬ ನಮ್ಮನ್ನ ನೋಡಿ ಕುರಿ ಎಣಿಸೂದು ಬಿಟ್ಟಾನ."

ದೀಪ ಹಚ್ಚುವ ಹೊತ್ತಿಗೆ ಅಡರಕಟ್ಟಿ ಮುಟ್ಟಿದರು. ಮುದುಕ ಕಟ್ಟೆಯ ಮೇಲೆ ಕೂತ. ಹುಲಗಪ್ಪ ಒಲೆಯ ಮುಂದೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಸಾವಕ್ಕನ ಕೈ ತಟ್ಟುತ್ತಿದ್ದ ರೊಟ್ಟಿಯ ಮೇಲೆ ಹಾಗೇ ನಿಂತಿತು.

"ಎರಡು ವರ್ಷ ನಾ ಗ್ವಾಡಿಗೆ ಮಾತಾಡಿದಂಗಾತಲ್ಲರಿ," ಎಂದಳು. "ಜೋರ ಮಾತಾಡಬೇಕೇನು ನಾನು? ಮಾವಾರ ಮುಂದ? ಓಣ್ಯಾಗ ಏನಂದಾರು?"

"ಅನ್ನಲಿ."

ಸಾವಕ್ಕ ಕೈ ತೊಳೆದುಕೊಂಡಳು. ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಹೊಸ್ತಿಲಿಗೆ ಬಂದು ನಿಂತಳು. "ಮಾವಾರ, ರೊಟ್ಟಿ ಹಚ್ಚೇನ್ರಿ," ಎಂದಳು. ಹಳೆಯ ದನಿಯೇ ಬಂತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಅಂದಳು. ಮುದುಕ ಬೀಡಿಗಾಗಿ ಕಿಸೆ ತಡಕುತ್ತಿದ್ದ. ಆಗ ಸಾವಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹೊಲದಲ್ಲಿ ಹಕ್ಕಿ ಓಡಿಸುವವರಂತೆ ಒದರಿದಳು:

"ಮಾವಾ! ರೊಟ್ಟಿ ತಣ್ಣಗಾಗ್ತಾವು, ಬರ್ರಿ!"

ಎದುರು ಮನೆಯ ಹನಮವ್ವ ಕೊಡ ಇಳಿಸಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಏನವ್ವಾ ಸಾವಕ್ಕ, ಮಾವನ ಮ್ಯಾಲ ಹಿಂಗ ಏರಿ ಹೊಂಟೀಯಲ್ಲ!"

"ಹೂಂ, ನಾ ಹಂಗಾ ಇದ್ದೇನಿ," ಎಂದಳು ಸಾವಕ್ಕ, ಅದೂ ಅಷ್ಟೇ ಜೋರಾಗಿ.

ಮೈಲಾರಲಿಂಗಪ್ಪ ಕಟ್ಟೆಯಿಂದ ಎದ್ದ. ಹನಮವ್ವನನ್ನು ನೋಡಿದ, ಸೊಸೆಯನ್ನು ನೋಡಿದ, ಸೆರಗಿನೊಳಗೆ ಅವಳ ಗದ್ದ ನಡುಗುವುದನ್ನು ನೋಡಿದ.

"ಬಂದೆ ತಾಯಿ, ಬಂದೆ," ಎಂದ. "ಅಷ್ಟು ಒದರಬ್ಯಾಡ. ನನಗೇನು ಕಿವಿ ಕೇಳೂದಿಲ್ಲೇನು?"